ಚಿಕ್ಕ ಬೈಗುಳ: ಆಸ್ತಿಕರು ಅದನ್ನು ತೂಗುವುದು ಹೇಗೆ, ಬಿಡುವುದು ಹೇಗೆ

ದಿನವೂ ದೇವರ ಮುಂದೆ ದೀಪ ಹಚ್ಚುವವರಿಗೂ ಐದು ಹೊತ್ತು ನಮಾಜು ಮಾಡುವವರಿಗೂ ಭಾನುವಾರದ ಬಲಿಪೂಜೆಗೆ ತಪ್ಪದೆ ಇಗರ್ಜಿಗೆ ಹೋಗುವವರಿಗೂ ಸಮಾನವಾದ ಒಂದು ಸಂದೇಹವಿದೆ. ಕೊಲೆ, ಕಳವು, ಸುಳ್ಳುಸಾಕ್ಷಿ ತಪ್ಪೆಂಬುದರಲ್ಲಿ ಯಾರಿಗೂ ಗೊಂದಲವಿಲ್ಲ. ಆದರೆ ಕುರ್ಲಾ ಸ್ಟೇಷನ್ನಿನಲ್ಲಿ ಕಣ್ಣೆದುರೇ ಗಾಡಿ ತಪ್ಪಿದಾಗ ಬಾಯಿಂದ ಹೊರಡುವ ‘ಚ್ಯಾಯ್ಲಾ’, ಬಾಣಲೆ ತಾಗಿ ಕೈ ಸುಟ್ಟಾಗಿನ ‘ಶಿಟ್’, ತಮ್ಮನಿಗೆ ಅನ್ನುವ ‘ಕತ್ತೆ’, ಹೋಟೆಲಿನ ಕ್ಲೀನರ್ ಹುಡುಗನಿಗೆ ಅನ್ನುವ ‘ದರಿದ್ರದವನೇ’, ಇವೂ ಪಾಪದ ಲೆಕ್ಕಕ್ಕೆ ಸೇರುತ್ತವೆಯೇ? ಮುಂಬಯಿಯಲ್ಲಿ ಬದುಕುವ ಕನ್ನಡಿಗರಿಗೆ ಈ ಪ್ರಶ್ನೆ ಊರಿನಲ್ಲಿರುವವರಿಗಿಂತ ಹೆಚ್ಚು ತೊಡಕಿನದು. ಇಲ್ಲಿ ನಾವು ನಾಲ್ಕು ಭಾಷೆಗಳಲ್ಲಿ ಬೈಯುತ್ತೇವೆ, ನಾಲ್ಕು ಭಾಷೆಗಳಲ್ಲಿ ಬೈಸಿಕೊಳ್ಳುತ್ತೇವೆ, ಪಕ್ಕದಲ್ಲಿ ಕುಳಿತವರ ಧರ್ಮ ಅನೇಕ ಸಲ ನಮ್ಮದಾಗಿರುವುದಿಲ್ಲ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೋವಿಗೋ ನಿರಾಸೆಗೋ ಯಾರನ್ನೂ ಉದ್ದೇಶಿಸದೆ ಬಾಯಿಂದ ಜಾರಿದ ಮಾತು ಸಭ್ಯತೆಯ ಕೊರತೆಯೇ ಹೊರತು ಭಕ್ತಿಗೆ ಕುಂದು ತರುವಷ್ಟು ದೊಡ್ಡ ತಪ್ಪೆಂದು ನಾನು ತಿಳಿಯುವುದಿಲ್ಲ. ಅದೇ ಮಾತು ಒಬ್ಬ ಮನುಷ್ಯನ ಮೇಲೆ ಬಿದ್ದರೆ ಅದು ತಪ್ಪು. ತಿರುಗಿ ಅದೇ ಮಾತನ್ನು ಆಡಲಾರದವನ ಮೇಲೆ, ಅಂದರೆ ನಮ್ಮ ಕೈಕೆಳಗೆ ದುಡಿಯುವವನ ಮೇಲೆ ಅಥವಾ ಮಗುವಿನ ಮೇಲೆ ಬಿದ್ದರೆ, ಪದ ಎಷ್ಟೇ ಸೌಮ್ಯವಾಗಿರಲಿ, ಅದು ಭಾರೀ ತಪ್ಪು. ಬೈಗುಳ ಸೌಮ್ಯವೋ ಅಲ್ಲವೋ ಎಂಬುದನ್ನು ತೀರ್ಮಾನಿಸುವ ಹಕ್ಕು ಬೈದವನಿಗಿಂತ ಬೈಸಿಕೊಂಡವನಿಗೇ ಹೆಚ್ಚು.

ಮೊದಲು ಬೇರ್ಪಡಿಸಿಕೊಳ್ಳಿ

ತೂಗುವ ಮುನ್ನ ಯಾವ ಮಾತು ಯಾವ ಜಾತಿಯದೆಂದು ಬಿಡಿಸಿಕೊಳ್ಳಬೇಕು. ಬರಿಯ ಉದ್ಗಾರ ಒಂದು ಬಗೆ. ‘ಮಂಗ’, ‘ಹಂದಿ’, ‘ಬೇವರ್ಸಿ’, ‘ಹಲ್ಕಟ್’ ಎಂದು ವ್ಯಕ್ತಿಗೆ ಅಂಟಿಸುವ ಹೆಸರು ಇನ್ನೊಂದು ಬಗೆ. ‘ಹಾಳಾಗಿ ಹೋಗು’, ‘ನಿನ್ನ ಬಾಯಿಗೆ ಮಣ್ಣು ಹಾಕ’ ಎಂಬಂಥವು ಶಾಪದ ಮಾತುಗಳು. ಉತ್ತರ ಕರ್ನಾಟಕದಲ್ಲಿ ತಾಯಂದಿರು ಮಕ್ಕಳಿಗೇ ಇವನ್ನು ಅಂದುಬಿಡುತ್ತಾರೆ, ಅವರ ಮನಸ್ಸಿನಲ್ಲಿ ಕೇಡು ಲವಲೇಶವೂ ಇರುವುದಿಲ್ಲ. ದೇವರ ಹೆಸರನ್ನೋ ತಾಯಿಯ ಹೆಸರನ್ನೋ ಸುಮ್ಮನೆ ಎಳೆದು ತರುವುದು, ಮಾತುಮಾತಿಗೆ ‘ದೇವರಾಣೆ’, ‘ಆಯೀ ಶಪಥ್’ ಎನ್ನುವುದು ಬೇರೆಯೇ ಒಂದು ಬಗೆ. ಈ ನಾಲ್ಕನ್ನೂ ಒಂದೇ ಗಂಟಿಗೆ ಕಟ್ಟಿ ‘ಎಲ್ಲವೂ ಪಾಪ’ ಎಂದರೆ ಯಾರೂ ಪಾಲಿಸಲಾರರು. ‘ಎಲ್ಲವೂ ಬರೀ ಮಾತು’ ಎಂದರೆ ಧರ್ಮಗ್ರಂಥಗಳು ನಾಲಿಗೆಯ ವಿಷಯದಲ್ಲಿ ಹೇಳಿದ್ದನ್ನೆಲ್ಲ ಬದಿಗಿಟ್ಟಂತಾಗುತ್ತದೆ.

ಗ್ರಂಥಗಳ ಅಳತೆಗೋಲು

ಭಗವದ್ಗೀತೆಯ 17ನೆಯ ಅಧ್ಯಾಯದ 15ನೆಯ ಶ್ಲೋಕ ವಾಕ್ಕಿನ ತಪಸ್ಸು ಯಾವುದೆಂದು ತಿಳಿಸುತ್ತದೆ: ಕೇಳಿದವರಲ್ಲಿ ಉದ್ವೇಗ ಹುಟ್ಟಿಸದ, ಸತ್ಯವಾದ, ಪ್ರಿಯವೂ ಹಿತವೂ ಆದ ಮಾತು ಹಾಗೂ ಸ್ವಾಧ್ಯಾಯದ ಅಭ್ಯಾಸ. ಅದಕ್ಕೆ ಹಿಂದಿನ ಅಧ್ಯಾಯದ 4ನೆಯ ಶ್ಲೋಕ ದಂಭ, ದರ್ಪ, ಅಭಿಮಾನ, ಕ್ರೋಧ, ಅಜ್ಞಾನಗಳ ಸಾಲಿನಲ್ಲೇ ಪಾರುಷ್ಯವನ್ನು, ಅಂದರೆ ಬಿರುನುಡಿಯನ್ನು, ಆಸುರೀ ಸಂಪತ್ತಿನಲ್ಲಿ, ಅಂದರೆ ಅಸುರ ಸ್ವಭಾವದ ಗುಣಗಳಲ್ಲಿ, ಸೇರಿಸುತ್ತದೆ. ಎರಡು ಕಡೆಯೂ ಆಡಬಾರದ ಪದಗಳ ಪಟ್ಟಿ ಇಲ್ಲ. ಕೇಳುವವನ ಮನಸ್ಸಿಗೆ ಏನಾಗುತ್ತದೆ ಎಂಬುದೇ ಅಲ್ಲಿನ ಅಳತೆ.

ಬಸವಣ್ಣನವರು ‘ಕಳಬೇಡ, ಕೊಲಬೇಡ’ ಎಂದು ಆರಂಭಿಸುವ ವಚನದಲ್ಲಿ ಹೇಳುವ ಏಳು ‘ಬೇಡ’ಗಳ ಪೈಕಿ ಮೂರು ನೇರವಾಗಿ ನಾಲಿಗೆಗೆ ಸೇರಿದವು: ಹುಸಿಯ ನುಡಿಯಬೇಡ, ತನ್ನ ಬಣ್ಣಿಸಬೇಡ, ಇದಿರ ಹಳಿಯಬೇಡ. ಕಳವು, ಕೊಲೆಗಳ ಪಕ್ಕದಲ್ಲೇ ಎದುರಿನವನನ್ನು ಹಳಿಯುವುದನ್ನೂ ಇಟ್ಟು, ಅಂತರಂಗ ಬಹಿರಂಗಗಳ ಶುದ್ಧಿ ಇದೇ ಎಂದ ಶರಣರಿಗೆ ಈ ವಿಷಯ ಸಣ್ಣದಾಗಿ ಕಂಡಿರಲಿಲ್ಲವೆಂಬುದು ಸ್ಪಷ್ಟ. ‘ಅಯ್ಯಾ ಎಂದರೆ ಸ್ವರ್ಗ, ಎಲವೋ ಎಂದರೆ ನರಕ’ ಎಂದವರೂ ಬಸವಣ್ಣನವರೇ. ‘ಎಲವೋ’ ಎಂಬುದು ಬೈಗುಳವೇ ಅಲ್ಲ, ಬರಿಯ ಕರೆಯುವ ರೀತಿ. ಆದರೂ ಮೇಲಿನಿಂದ ಕೆಳಕ್ಕೆ ನೋಡಿ ಕರೆಯುವ ರೀತಿಯದು. ಲಿಂಗಾಯತ ಮನೆಗಳಲ್ಲಿ ಬೆಳೆದು ಈ ನಗರದಲ್ಲಿ ನಾಲ್ಕು ಜನರಿಗೆ ಕೆಲಸ ಕೊಟ್ಟವರು ಈ ಸಾಲನ್ನು ದಿನಕ್ಕೊಮ್ಮೆಯಾದರೂ ನೆನೆಯಬೇಕೆಂದು ನನ್ನ ಕೋರಿಕೆ. ಪುರಂದರದಾಸರು ‘ಆಚಾರವಿಲ್ಲದ ನಾಲಿಗೆ’ ಎಂದು ಗದರಿಸಿದ್ದು ನಾಲಿಗೆಯನ್ನೇ, ಅದೂ ವಿಚಾರವಿಲ್ಲದೆ ಪರರನ್ನು ದೂಷಿಸಲು ಚಾಚಿಕೊಂಡಿರುವ ನಾಲಿಗೆಯನ್ನು.

ಜೈನ ಧರ್ಮದಲ್ಲಿ ಐದು ಸಮಿತಿಗಳ, ಅಂದರೆ ನಡೆನುಡಿಯಲ್ಲಿ ಪಾಲಿಸಬೇಕಾದ ಎಚ್ಚರಗಳ, ಪೈಕಿ ಭಾಷಾ ಸಮಿತಿಯೂ ಒಂದು. ಆಡುವ ಮಾತಿನಿಂದ ಯಾರಿಗೂ ಹಿಂಸೆಯಾಗದಂತೆ ಎಚ್ಚರವಹಿಸುವುದು ಅದರ ತಿರುಳು. ಮುನಿಗಳಿಗೆ ವಿಧಿಸಿದ್ದನ್ನು ಶ್ರಾವಕರು, ಅಂದರೆ ಗೃಹಸ್ಥ ಜೈನರು, ಪೂರ್ತಿ ಪಾಲಿಸಲಾಗದಿದ್ದರೂ, ಬೈಗುಳವನ್ನು ಸಭ್ಯತೆಗಿಂತ ಹೆಚ್ಚಾಗಿ ಅಹಿಂಸೆಯ ಪ್ರಶ್ನೆಯಾಗಿ ನೋಡುವುದನ್ನು ಎಲ್ಲರೂ ಅಲ್ಲಿಂದ ಕಲಿಯಬಹುದು.

ಕ್ರೈಸ್ತರಿಗೆ ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದ 29ನೆಯ ವಚನವೇ ಸಾಕಷ್ಟು ನೇರವಾಗಿದೆ: ಕೆಟ್ಟ ಮಾತು ಬಾಯಿಂದ ಹೊರಡಬಾರದು, ಕೇಳುವವರಿಗೆ ಒಳಿತಾಗುವ ಮಾತು ಹೊರಡಬೇಕು. ಯಾಕೋಬನ ಪತ್ರಿಕೆಯ 3ನೆಯ ಅಧ್ಯಾಯ, ದೇವರನ್ನು ಸ್ತುತಿಸುವ ನಾಲಿಗೆಯಿಂದಲೇ ದೇವರ ಹೋಲಿಕೆಯಲ್ಲಿ ಸೃಷ್ಟಿಯಾದ ಮನುಷ್ಯನನ್ನು ಶಪಿಸುವುದು ಸಲ್ಲದೆಂದು ಹೇಳುತ್ತದೆ. ಕಥೋಲಿಕ ಧರ್ಮಬೋಧೆ ಇಲ್ಲಿ ಒಂದು ಉಪಯುಕ್ತ ಭೇದವನ್ನು ಮಾಡುತ್ತದೆ. ದೇವದೂಷಣೆ ಗಂಭೀರ ಪಾಪ. ದೂಷಣೆಯ ಉದ್ದೇಶವಿಲ್ಲದೆ ದೇವರ ಹೆಸರನ್ನು ಆಣೆಯ ಮಾತಿನಲ್ಲಿ ಬಳಸುವುದು ಅಗೌರವ. ಎರಡೂ ಒಂದೇ ಅಲ್ಲ, ಎರಡನೆಯದೂ ಒಪ್ಪತಕ್ಕದ್ದಲ್ಲ.

ಇಸ್ಲಾಮಿನಲ್ಲಿ ಈ ವಿಷಯದ ಬೋಧೆ ಬಹಳ ವಿವರವಾಗಿದೆ. ಕುರ್‌ಆನ್‌ನ 49ನೆಯ ಅಧ್ಯಾಯದ 11ನೆಯ ಸೂಕ್ತ ಒಬ್ಬರು ಇನ್ನೊಬ್ಬರನ್ನು ಹಾಸ್ಯ ಮಾಡುವುದನ್ನೂ ಅಡ್ಡಹೆಸರುಗಳಿಂದ ಕರೆಯುವುದನ್ನೂ ನಿಷೇಧಿಸುತ್ತದೆ. ವಿಶ್ವಾಸಿಯಾದವನು ಚುಚ್ಚಿ ನುಡಿಯುವವನೂ ಶಪಿಸುವವನೂ ಅಶ್ಲೀಲವಾಡುವವನೂ ಆಗಿರುವುದಿಲ್ಲವೆಂಬ ಹದೀಸು, ಅಂದರೆ ಪ್ರವಾದಿವಚನ, ತಿರ್ಮಿದಿ ಎಂಬ ಸಂಗ್ರಹದಲ್ಲಿದೆ. ಬುಖಾರಿ ಸಂಗ್ರಹದಲ್ಲಿರುವ ಇನ್ನೊಂದು ಹದೀಸು ನನ್ನ ಮಟ್ಟಿಗೆ ಎಲ್ಲ ಧರ್ಮದವರಿಗೂ ಅನ್ವಯಿಸುವಂಥದು: ತನ್ನ ತಂದೆತಾಯಿಯನ್ನು ಶಪಿಸುವುದು ಮಹಾಪಾಪಗಳಲ್ಲಿ ಒಂದು ಎಂದು ಪ್ರವಾದಿ ಹೇಳಿದಾಗ, ಯಾರಾದರೂ ತನ್ನ ತಂದೆತಾಯಿಯನ್ನೇ ಹೇಗೆ ಶಪಿಸಿಯಾನು ಎಂದು ಜೊತೆಗಿದ್ದವರು ಕೇಳಿದರು, ಅವನು ಇನ್ನೊಬ್ಬನ ತಂದೆಯನ್ನು ಬೈದರೆ ಆ ಇನ್ನೊಬ್ಬ ಇವನ ತಂದೆಯನ್ನು ಬೈಯುತ್ತಾನೆ ಎಂಬ ಉತ್ತರ ಬಂತು. ಅದೇ ಹೊತ್ತಿಗೆ, ಉದ್ದೇಶವಿಲ್ಲದೆ ಬಾಯಿಗೆ ಬಂದ ಆಣೆಗಳಿಗಾಗಿ ದೇವರು ಹಿಡಿಯುವುದಿಲ್ಲವೆಂದು ಕುರ್‌ಆನ್‌ನ 2ನೆಯ ಅಧ್ಯಾಯದ 225ನೆಯ ಸೂಕ್ತ ಭರವಸೆ ಕೊಡುತ್ತದೆ. ರೂಢಿಯಿಂದ ಜಾರಿದ ಮಾತಿಗೂ ಮನಸ್ಸಿಟ್ಟು ಎಸೆದ ಮಾತಿಗೂ ಅಂತರವಿದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ.

ದೇವರ ಹೆಸರಿನ ಉದ್ಗಾರದ ವಿಷಯದಲ್ಲಿ ಮಾತ್ರ ಧರ್ಮಗಳ ದಾರಿ ಬೇರೆಯಾಗುತ್ತದೆ. ‘ಅಯ್ಯೋ ರಾಮಾ’, ‘ಶಿವಶಿವಾ’, ‘ಹರಿಹರೀ’ ಎನ್ನುವ ಹಿಂದೂವಿಗೆ ಅದು ಅಪರಾಧವಲ್ಲ, ಸ್ಮರಣೆ. ಭಾಗವತದ 6ನೆಯ ಸ್ಕಂಧದ ಅಜಾಮಿಳನು ಸಾಯುವ ಹೊತ್ತಿಗೆ ಕರೆದದ್ದು ನಾರಾಯಣನೆಂಬ ಹೆಸರಿನ ತನ್ನ ಮಗನನ್ನು, ಆದರೂ ಆ ನಾಮ ಅವನನ್ನು ಉಳಿಸಿತು. ಪರಿಹಾಸ್ಯಕ್ಕೋ ತಾತ್ಸಾರಕ್ಕೋ ಉಚ್ಚರಿಸಿದರೂ ನಾಮ ಪಾಪ ಕಳೆಯುತ್ತದೆಂದು ಆ ಪ್ರಸಂಗದಲ್ಲೇ ಹೇಳಿದೆ. ಕ್ರೈಸ್ತರಿಗಾದರೋ ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬುದು ದಶಾಜ್ಞೆಗಳಲ್ಲೇ ಇದೆ. ಆದ್ದರಿಂದ ಕಚೇರಿಯಲ್ಲಿ ಮಂಗಳೂರಿನ ಕಥೋಲಿಕ ಸಹೋದ್ಯೋಗಿಯ ಎದುರು ‘ಜೀಸಸ್’ ಎಂದು ಉದ್ಗರಿಸುವ ಹಿಂದೂ, ತನ್ನ ಸಂಪ್ರದಾಯದಲ್ಲಿ ನಿರ್ದೋಷವಾದದ್ದನ್ನೇ ಮಾಡುತ್ತಿದ್ದೇನೆಂದು ತಿಳಿದರೂ ಅವರ ಸಂಪ್ರದಾಯದಲ್ಲಿ ನೋಯಿಸುವ ಕೆಲಸವನ್ನು ಮಾಡುತ್ತಿರುತ್ತಾನೆ. ನಮ್ಮ ಉದ್ಗಾರಕ್ಕೆ ನಮ್ಮ ದೇವರನ್ನು ಕರೆದರೆ ಸಾಕು.

‘ಸಂತರೂ ಬೈದಿದ್ದಾರಲ್ಲ’ ಎಂಬ ಮಾತಿಗೆ

ಈ ವಾದ ಹೂಡುವವರಿಗೆ ಆಧಾರಗಳು ಸಿಗುತ್ತವೆ. ಯೇಸು ಹೆರೋದನನ್ನು ನರಿ ಎಂದದ್ದು ಲೂಕನ ಸುವಾರ್ತೆಯಲ್ಲಿದೆ. ದಾಸರು ನಿಂದಾಸ್ತುತಿಯ ಹೆಸರಿನಲ್ಲಿ ವಿಠಲನನ್ನು ಏಕವಚನದಲ್ಲಿ ತರಾಟೆಗೆ ತೆಗೆದುಕೊಂಡಿದ್ದಾರೆ. ಆದರೆ ಆ ಮಾತುಗಳು ಯಾವ ಕಡೆಗೆ ಹೋಗುತ್ತವೆ ಎಂಬುದನ್ನು ಗಮನಿಸಬೇಕು. ಹೆರೋದ ಅರಸ, ದಾಸರು ಗದರಿಸುವುದು ದೇವರನ್ನು, ಇಲ್ಲವೇ ತಮ್ಮದೇ ಮನಸ್ಸನ್ನು, ತಮ್ಮದೇ ನಾಲಿಗೆಯನ್ನು. ಅಂಗಳ ಗುಡಿಸುವ ಹುಡುಗನಿಗೆ ‘ಹಂದಿ’ ಎನ್ನುವುದಕ್ಕೆ ಅಲ್ಲಿಂದ ಅನುಮತಿ ಸಿಗುವುದಿಲ್ಲ.

ಹಬ್ಬದ ಬೈಗುಳವೂ ಇದೆ. ಧಾರವಾಡ, ಬಾಗಲಕೋಟೆ ಕಡೆಯವರು ಹೋಳಿಯಲ್ಲಿ ಹಲಗಿ ಬಡಿಯುತ್ತ ‘ಕಾಮಣ್ಣನ ಮಕ್ಕಳು’ ಎಂದು ಕೂಗುವ ಪದ ಎಲ್ಲರಿಗೂ ಗೊತ್ತು. ಕೊಂಕಣದ ಹೋಳಿಯಾದ ಶಿಮಗಾದಲ್ಲೂ ಬೊಬ್ಬೆ, ಬೈಗುಳಗಳಿಗೆ ಸಲುಗೆ ಇದೆ. ಮದುವೆಮನೆಯಲ್ಲಿ ಬೀಗರನ್ನು ಹಾಡಿನಲ್ಲೇ ಛೇಡಿಸುವ ಪದ್ಧತಿಯೂ ಇದೇ ಬಗೆಯದು. ಇವುಗಳಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಮನಸ್ಸಿಲ್ಲ, ಏಕೆಂದರೆ ಅಲ್ಲಿ ಎಲ್ಲರೂ ಎಲ್ಲರಿಗೂ ಅನ್ನುತ್ತಾರೆ ಮತ್ತು ಹಬ್ಬ ಮುಗಿದ ಮೇಲೆ ಆ ಸಲುಗೆಯೂ ಮುಗಿಯುತ್ತದೆ. ಒಪ್ಪಿಗೆಯಿಲ್ಲದವರ ಮೇಲೆ ಹಬ್ಬದ ನೆಪದಲ್ಲಿ ಬೀಳುವುದು ಬೇರೆ ಮಾತು. ಹಿಂಜರಿಯುವ ಹೆಂಗಸರನ್ನು ನೋಡಿ ಕೂಗುವುದಕ್ಕೆ ಯಾವ ಸಂಪ್ರದಾಯದ ರಕ್ಷಣೆಯೂ ಇಲ್ಲ.

ಇನ್ನು ಮಗನನ್ನು ಕಳೆದುಕೊಂಡ ತಾಯಿ ‘ಆ ದೇವರ ಕಣ್ಣು ಹಿಂಗಿಹೋಗಲಿ’ ಎಂದು ಅತ್ತರೆ ಅದನ್ನು ಯಾರೂ ತಿದ್ದಲು ಹೋಗಬಾರದು. ಬೈಬಲಿನ ಯೋಬನೂ ತಾನು ಹುಟ್ಟಿದ ದಿನವನ್ನು ಶಪಿಸಿದ್ದಾನೆ, ಆ ಶಾಪ ಧರ್ಮಗ್ರಂಥದೊಳಗೇ ಉಳಿದುಕೊಂಡಿದೆ.

ಮುಂಬಯಿಯಲ್ಲಿ ಪದದ ತೂಕ ಕಂಡುಕೊಳ್ಳುವ ಬಗೆ

ಒಂದೇ ಪದ ಈ ಊರಿನಲ್ಲಿ ಒಂದೊಂದು ಕಿವಿಗೆ ಒಂದೊಂದು ತೂಕದ್ದು. ‘ಸಾಲಾ’ ಎಂಬುದು ಇಲ್ಲಿ ಸ್ನೇಹಿತರ ನಡುವೆ ಅರ್ಧ ಪ್ರೀತಿಯ ಮಾತು, ಹೊಸದಾಗಿ ಊರಿನಿಂದ ಬಂದವನಿಗೆ ಅಕ್ಕತಂಗಿಯರ ಮೇಲಿನ ಬೈಗುಳ. ‘ಏನಲೇ ಮಗನ’ ಎಂಬುದು ಕಲಬುರ್ಗಿಯಿಂದ ಬಂದ ಗೌಂಡಿಗೆ ಸಲಿಗೆ, ಮೈಸೂರು ಕಡೆಯವರಿಗೆ ಕೆಲವೊಮ್ಮೆ ಅವಮಾನ. ಉಡುಪಿ, ಕುಂದಾಪುರದವರು ನಗುತ್ತ ಅನ್ನುವ ‘ಬೇವರ್ಸಿ’ ನಿಜವಾಗಿಯೂ ದಿಕ್ಕಿಲ್ಲದ ಹುಡುಗನಿಗೆ ಕೇಳಿಸಿದರೆ ಏನಾಗಬಹುದೆಂದು ಯೋಚಿಸಿ. ಮರಾಠಿಯ ‘ಚ್ಯಾಯ್ಲಾ’ ಉದ್ಗಾರವಾಗಿ ಸವೆದುಹೋಗಿದ್ದರೂ ಅದರೊಳಗೆ ತಾಯಿ ಇದ್ದಾಳೆ; ಮರಾಠಿ ಮಾತೃಭಾಷೆಯ ಹಿರಿಯರ ಎದುರು ಅದನ್ನು ಆಡುವ ಕನ್ನಡ ಹುಡುಗರಿಗೆ ಇದು ತಿಳಿದಿರುವುದಿಲ್ಲ. ಆದ್ದರಿಂದ ಪಾಲಿಸಬೇಕಾದ ನಿಯಮ ಇಷ್ಟು: ಅರ್ಥ ಗೊತ್ತಿಲ್ಲದ ಭಾಷೆಯಲ್ಲಿ ಬೈಯಬೇಡಿ, ಆ ಭಾಷೆಯವರನ್ನು ಕೇಳಿ ತಿಳಿದುಕೊಳ್ಳಿ.

ಕನ್ನಡದ್ದೇ ಆದ ‘ಮುಂಡೇದು’, ‘ಬೋಳಿಮಗ’ ಎಂಬ ಮಾತುಗಳನ್ನು ಸೌಮ್ಯವೆಂದು ನಂಬಿರುವ ಮನೆಗಳು ಅನೇಕ. ಇವೆರಡೂ ಗಂಡ ಸತ್ತ ಹೆಂಗಸನ್ನು, ತಲೆ ಬೋಳಿಸಲ್ಪಟ್ಟ ಹೆಂಗಸನ್ನು ಹೀನಾಯವಾಗಿಸಿ ಹುಟ್ಟಿದವು. ಮನೆಯಲ್ಲೇ ವಿಧವೆಯಾದ ಅಜ್ಜಿ ಇರುವಾಗ ಮೊಮ್ಮಗನಿಗೆ ಹೀಗೆನ್ನುವುದನ್ನು ನಾನು ಕಂಡಿದ್ದೇನೆ. ಇವನ್ನು ಪಟ್ಟಿಯಿಂದ ತೆಗೆದುಹಾಕುವುದಕ್ಕೆ ಶಾಸ್ತ್ರದ ಆಧಾರವೇ ಬೇಕಿಲ್ಲ. ‘ಶನಿ’ ಎಂಬುದೂ ಹಾಗೆಯೇ. ಮುಂಬಯಿಯ ತುಳು-ಕನ್ನಡಿಗರಲ್ಲಿ ಶನಿಗ್ರಂಥ ಪಾರಾಯಣಕ್ಕೆ ದೊಡ್ಡ ಗೌರವವಿದೆ; ಶನಿವಾರ ಭಕ್ತಿಯಿಂದ ಕೈಮುಗಿದ ದೇವರ ಹೆಸರನ್ನು ಸೋಮವಾರ ಕೆಲಸದವನ ಮೇಲೆ ಬೈಗುಳವಾಗಿ ಬಳಸುವುದು ಆ ಭಕ್ತಿಗೆ ಒಪ್ಪುವುದಿಲ್ಲ. ಜಾತಿಯ ಹೆಸರು ಹಿಡಿದು ಬೈಯುವುದಂತೂ ಈ ಚರ್ಚೆಯ ಹೊರಗಿನದು: ಅದು ಎಂದೂ ಚಿಕ್ಕ ಬೈಗುಳವಲ್ಲ, ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕವಾಗಿ ಹಾಗೆ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯ ಅಡಿಯಲ್ಲಿ ಅಪರಾಧ.

ಬಿಡುವ ಅಭ್ಯಾಸ

ಬೈಗುಳವನ್ನು ಒಟ್ಟಾರೆಯಾಗಿ ಬಿಡುತ್ತೇನೆಂಬ ಸಂಕಲ್ಪ ನಿಲ್ಲುವುದಿಲ್ಲ. ನಿಮ್ಮ ಬಾಯಿ ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಹದ ತಪ್ಪುತ್ತದೆಂದು ಮೊದಲು ಗುರುತಿಸಿ. ಹೋಟೆಲಿನವರಿಗೆ ಅದು ಮಧ್ಯಾಹ್ನದ ಊಟದ ನೂಕುನುಗ್ಗಲು. ಕಾರು ಓಡಿಸುವವರಿಗೆ ಸಯನ್ ಸರ್ಕಲ್ಲಿನ ಜಾಮ್. ಮನೆಯಲ್ಲಿ ಮಕ್ಕಳನ್ನು ಶಾಲೆಗೆ ಹೊರಡಿಸುವ ಬೆಳಗಿನ ಗಡಿಬಿಡಿ. ಡೊಂಬಿವಲಿಯಿಂದ ಬರುವವರಿಗೆ ಗಾಡಿಯಲ್ಲಿ ಸೀಟಿನ ಜಗಳ. ತಾಳ ಹಿಡಿದು ಭಜನೆ ಮಾಡುವ ಮಂಡಳಿಗಳು ಇರುವ ಅದೇ ಡಬ್ಬಿಗಳಲ್ಲಿ ಕಾಲು ತುಳಿದದ್ದಕ್ಕೆ ತಾಯಿತಂಗಿಯರನ್ನು ಎಳೆದು ತರುವ ಜಗಳಗಳೂ ನಡೆಯುತ್ತವೆ. ಆ ಒಂದು ಹೊತ್ತನ್ನು ಆರಿಸಿಕೊಂಡು ಅಲ್ಲಿ ಮಾತ್ರ ಎಚ್ಚರವಾಗಿರಲು ಆರಂಭಿಸಿ.

ಎರಡನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಮನುಷ್ಯನಿಗೆ ಹೆಸರಿಡುವುದನ್ನು ಬಿಟ್ಟು ನಡೆದದ್ದನ್ನು ಹೇಳಲು ಕಲಿಯಬೇಕು. ಮಾಣಿಯ ಕೈಯಿಂದ ಲೋಟ ಬಿದ್ದರೆ ‘ಕತ್ತೆ’ ಎನ್ನುವ ಬದಲು ‘ಲೋಟ ಒಡೆಯಿತು, ಕಾಲಿಗೆ ಚುಚ್ಚೀತು, ಮೊದಲು ಗುಡಿಸು’ ಎನ್ನಿ. ಮಗ ಪುಸ್ತಕ ಮರೆತರೆ ‘ದರಿದ್ರ’ ಎನ್ನುವ ಬದಲು ‘ನಿನ್ನೆ ರಾತ್ರಿಯೇ ಚೀಲ ತುಂಬಿಸಿಡಬೇಕಿತ್ತು’ ಎನ್ನಿ. ಸಿಟ್ಟು ಇದ್ದರೆ ‘ನನಗೆ ಸಿಟ್ಟು ಬಂದಿದೆ’ ಎಂದೇ ಹೇಳಿ. ಸಿಟ್ಟು ಬಂದರೂ, ಎಫೆಸದವರಿಗೆ ಬರೆದ ಪತ್ರಿಕೆ ಹೇಳುವಂತೆ, ಸೂರ್ಯ ಮುಳುಗುವವರೆಗೂ ಅದನ್ನು ಬೆಳೆಸಬಾರದು, ಅಷ್ಟೆ. ಕೈಕೆಳಗಿನವರನ್ನು ‘ಏ ಹುಡುಗಾ’ ಎನ್ನದೆ ಅವರ ಹೆಸರು ಹಿಡಿದು ಕರೆಯುವ ರೂಢಿ ಮಾಡಿಕೊಂಡರೆ ಅರ್ಧ ಬೈಗುಳಗಳು ನಾಲಿಗೆಗೆ ಬರುವುದೇ ಇಲ್ಲ.

ಮೂರನೆಯದಾಗಿ, ನಿಮ್ಮ ಧರ್ಮದಲ್ಲೇ ಇರುವ ವ್ರತದ ದಿನಗಳನ್ನು ಬಳಸಿಕೊಳ್ಳಿ. ಅಯ್ಯಪ್ಪನ ಮಾಲೆ ಧರಿಸಿದವರು 41 ದಿನಗಳ ವ್ರತದಲ್ಲಿ ಎದುರಿಗೆ ಬಂದವರನ್ನು ‘ಸ್ವಾಮಿ’ ಎಂದೇ ಕರೆಯುತ್ತಾರೆ. ಒಬ್ಬನನ್ನು ‘ಸ್ವಾಮಿ’ ಎಂದು ಕರೆದ ಮರುಕ್ಷಣ ಬೈಯುವುದು ಕಷ್ಟ. ಮಾಲೆ ತೆಗೆದ ಮೇಲೆ ಆ ಕರೆಯುವ ರೀತಿಯಲ್ಲಿ ಒಂದಿಷ್ಟನ್ನಾದರೂ ಉಳಿಸಿಕೊಳ್ಳಬೇಕು. ಉಪವಾಸವಿರುವವನನ್ನು ಯಾರಾದರೂ ಬೈದರೆ ‘ನಾನು ಉಪವಾಸದಲ್ಲಿದ್ದೇನೆ’ ಎಂದು ಉತ್ತರಿಸಬೇಕೆಂದು ಬುಖಾರಿ, ಮುಸ್ಲಿಂ ಸಂಗ್ರಹಗಳ ಹದೀಸಿನಲ್ಲಿದೆ. ರಮಜಾನಿನಾಚೆಗೂ ಇಷ್ಟು ಚೊಕ್ಕದಾದ ಉತ್ತರ ಯಾರಿಗೂ ಉಪಯೋಗಕ್ಕೆ ಬರುತ್ತದೆ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಮಾಂಸ ಬಿಡುವ ಕ್ರೈಸ್ತರು ಅದರ ಜೊತೆಗೆ ಒಂದು ಬೈಗುಳವನ್ನೂ ಬಿಡಬಹುದು.

ಬೈದಾಗಲೆಲ್ಲ ಡಬ್ಬಿಗೆ ಹಣ ಹಾಕುವ ಪದ್ಧತಿ ಕೆಲವು ಮನೆಗಳಲ್ಲಿದೆ. ನನಗೆ ಅದು ಹಿಡಿಸುವುದಿಲ್ಲ. ಹಣ ಕೊಟ್ಟರೆ ಬೈಯುವ ಹಕ್ಕು ಸಿಕ್ಕಂತಾಗುತ್ತದೆ, ಬೈಸಿಕೊಂಡವನಿಗೆ ಏನೂ ಸಿಗುವುದಿಲ್ಲ.

ಮಕ್ಕಳ ಬಾಯಿ

ಎರಡು ವರ್ಷದ ಮಗು ತೊದಲು ನುಡಿಯಲ್ಲಿ ಬೈದಾಗ ನಕ್ಕು, ನೆಂಟರ ಎದುರು ಮತ್ತೊಮ್ಮೆ ಹೇಳಿಸುವುದನ್ನು ಮೊದಲು ನಿಲ್ಲಿಸಬೇಕು. ಅದನ್ನು ಕಲಿಸಿದವರು ನಾವೇ ಆಗುತ್ತೇವೆ. ಶಾಲೆಗೆ ಹೋಗುವ ಮಕ್ಕಳು ಹಿಂದಿ, ಮರಾಠಿ, ಇಂಗ್ಲಿಷ್ ಬೈಗುಳಗಳನ್ನು ಅರ್ಥ ತಿಳಿಯದೆ ತರುತ್ತಾರೆ. ತುಟಿಗೆ ಮೆಣಸು ಸವರುವ, ಬಾಯಿಗೆ ಹೊಡೆಯುವ ಹಳೆಯ ಶಿಕ್ಷೆಗಳು ಕ್ರೌರ್ಯ, ಅವು ಪದವನ್ನು ಇನ್ನಷ್ಟು ಆಕರ್ಷಕವಾಗಿಸುತ್ತವೆ. ವಯಸ್ಸಿಗೆ ತಕ್ಕಂತೆ ಅದರ ಅರ್ಥ ಹೇಳಿ, ಅದರಿಂದ ಯಾರಿಗೆ ನೋವಾಗುತ್ತದೆಂದು ತಿಳಿಸಿ, ಅಲ್ಲಿಗೆ ಬಿಡಿ. ‘ದೇವರು ನಾಲಿಗೆ ಕತ್ತರಿಸುತ್ತಾನೆ’ ಎಂದು ಹೆದರಿಸಬೇಡಿ. ಬೈಗುಳ ಬಿಡುವ ಮುನ್ನ ಮಗು ಅಂಥ ದೇವರನ್ನೇ ಬಿಟ್ಟೀತು.

ಆಡಿಬಿಟ್ಟ ಮೇಲೆ

ಮನುಷ್ಯನನ್ನು ನೋಯಿಸಿದ ತಪ್ಪಿಗೆ ಕ್ಷಮೆಯನ್ನು ಆ ಮನುಷ್ಯನಿಂದಲೇ ಪಡೆಯಬೇಕು. ಕಾಣಿಕೆಯನ್ನು ಬಲಿಪೀಠದ ಬಳಿ ಬಿಟ್ಟು ಮೊದಲು ಸಹೋದರನೊಡನೆ ಸಮಾಧಾನವಾಗೆಂದು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯ ಹೇಳುತ್ತದೆ. ಇನ್ನೊಬ್ಬ ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಅವನೊಡನೆಯೇ ಸರಿಪಡಿಸಿಕೊಳ್ಳಬೇಕೆಂಬುದು ಇಸ್ಲಾಮಿನ ಬೋಧೆ. ಪರ್ಯುಷಣದ ಕೊನೆಗೆ ಈ ನಗರದ ಜೈನರು ‘ಮಿಚ್ಛಾಮಿ ದುಕ್ಕಡಂ’ ಎಂದು ಒಬ್ಬರನ್ನೊಬ್ಬರು ಕ್ಷಮೆ ಕೇಳಿಕೊಳ್ಳುವುದೂ ಇದಕ್ಕಾಗಿಯೇ.

ಕೇಳುವ ರೀತಿಯಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ನಾಲ್ಕು ಜನರ ಎದುರು ಬೈದಿದ್ದರೆ ಅದೇ ನಾಲ್ಕು ಜನರ ಎದುರು ಕೇಳಿ. ಅಡಿಗೆಮನೆಯಲ್ಲಿ ಭಟ್ಟರ ಮುಂದೆ ಅವಮಾನವಾದ ಹುಡುಗನನ್ನು ಗಲ್ಲಾದ ಬಳಿ ಒಬ್ಬನನ್ನೇ ಕರೆದು ಸಮಾಧಾನ ಹೇಳಿದರೆ ಅವನ ಮಾನ ತಿರುಗಿ ಬರುವುದಿಲ್ಲ. ‘ಆದರೆ ನೀನೂ ಹಾಗೆ ಮಾಡಬಾರದಿತ್ತು’ ಎಂಬ ಬಾಲವನ್ನು ಸೇರಿಸಬೇಡಿ. ಅವನ ತಪ್ಪಿದ್ದರೆ ಅದನ್ನು ಮರುದಿನ ಮಾತಾಡಬಹುದು. ಹಿರಿಯರು ಕಿರಿಯರಿಗೆ ‘ಕ್ಷಮಿಸು’ ಎನ್ನುವ ರೂಢಿ ನಮ್ಮಲ್ಲಿ ಕಡಿಮೆ. ಹಾಗಿದ್ದರೆ ‘ನಾನು ಹಾಗೆ ಅನ್ನಬಾರದಿತ್ತು ಮಾರಾಯಾ’ ಎಂದರೂ ಸಾಕು, ಮಾತು ನೇರವಾಗಿ ಅವನಿಗೇ ಹೋಗಬೇಕು. ಅವನು ಕೆಲಸ ಬಿಟ್ಟು ಊರಿಗೆ ಹೋಗಿದ್ದರೆ ಫೋನ್ ಮಾಡಿ ಹೇಳಿ. ಹೊಸ ವರ್ಷಕ್ಕೋ ಹಬ್ಬಕ್ಕೋ ‘ತಿಳಿದೋ ತಿಳಿಯದೆಯೋ ನೋಯಿಸಿದ್ದರೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಒಟ್ಟಿಗೆ ಕಳಿಸುವ ಸಂದೇಶವನ್ನು ಇದರ ಬದಲಿಗೆ ಲೆಕ್ಕಕ್ಕೆ ಹಿಡಿಯಬೇಡಿ, ಏಕೆಂದರೆ ಆ ಹುಡುಗನ ನಂಬರು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.